ಮೇಕಪ್ ಆಯ್ತು ಸಾರ್

ನಿದ್ದೆಗೆಟ್ಟ ಐದಾರು ಜನರನ್ನು ಒಂದು ಕೆಂಪು ಗಾಡಿಗೆ ತುಂಬಿ, ಮಲೆನಾಡಿನ ತಿರುವುಗಳಲ್ಲಿ ಗಂಟೆ ಬಾರಿಸುತ್ತಾ ಓಡಿಸಿದರೆ ಇಂಥವು ಆಗದೆ ಇನ್ನೇನಾಗುತ್ತದೆ? ಆಗುತ್ತಲೇ ಇದ್ದವು. ಆಗ ನಮಗೆ ನಗು ಬರುತ್ತಿರಲಿಲ್ಲ. ನಗುವುದಕ್ಕೂ ಮನುಷ್ಯ ಸ್ವಲ್ಪ ಮಲಗಿರಬೇಕು. ಈಗ ನನ್ನನ್ನು ಕೂತು ಮಾಡುವ ಕೆಲಸಕ್ಕೆ ಹಾಕಿದ್ದಾರೆ, ರಾತ್ರಿ ಮಲಗುತ್ತೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ನನಗೆ ಬರೆದು ಅಭ್ಯಾಸವಿಲ್ಲ. ಓದುವವರಿಗೆ ಗೊಂದಲ ಆಗಬಾರದೆಂದು ಕೆಲವು ವಿಷಯ ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಗ್ನಿಶಾಮಕದ ಕೆಲಸಕ್ಕೆ ಸೇರಿದೆ. ಕಾಫಿ ಸೀಮೆಯ ಒಂದು ಸಣ್ಣ ಠಾಣೆ. ಯಾವ ಊರು ಎಂದು ಹೇಳುವುದಿಲ್ಲ, ಆಗಿನವರು ಕೆಲವರು ಇನ್ನೂ ಕೆಲಸದಲ್ಲಿದ್ದಾರೆ. ಒಂದು ದಿನ ಡ್ಯೂಟಿ ಮಾಡಿದವನಿಗೆ ಮರುದಿನ ರಜೆ ಎಂಬುದು ನಿಯಮ. ಆದರೆ ಹಾಗೆ ಎರಡು ಗುಂಪು ಮಾಡುವಷ್ಟು ಜನ ನಮ್ಮಲ್ಲಿರಲಿಲ್ಲ. ಸಾಹೇಬರೂ ಸೇರಿ ಆರೇ ಜನ. ಸಾಹೇಬರು ಎಂದರೆ ಠಾಣೆಯ ಅಧಿಕಾರಿ. ಹಾಗಾಗಿ ಇವತ್ತು ಡ್ಯೂಟಿ ಮಾಡಿದವರೇ ನಾಳೆಯೂ ಮಾಡುತ್ತಿದ್ದೆವು, ನಾಡಿದ್ದೂ ಮಾಡುತ್ತಿದ್ದೆವು.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಗುಡ್ಡದ ಹುಲ್ಲು ಒಣಗುತ್ತದೆ. ಅಲ್ಲಿಂದ ಹೂಮಳೆ ಬೀಳುವವರೆಗೆ ನಮಗೆ ಬೆಂಕಿ ಕಾಲ. ಹೂಮಳೆ ಎಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ. ಪ್ಲಾಂಟರುಗಳು ಹೂವಿಗಾಗಿ ಆಕಾಶ ನೋಡುತ್ತಿದ್ದರು, ನಾವು ನಿದ್ದೆಗಾಗಿ ನೋಡುತ್ತಿದ್ದೆವು.

ಕೊನೆಯದಾಗಿ ಒಂದು ಪದ. ಬೆಂಕಿ ಆರಿದ ಮೇಲೆ ನಮ್ಮಲ್ಲಿ 'ಮೇಕಪ್' ಎಂದು ಕೂಗುತ್ತಾರೆ. ಮುಖಕ್ಕೆ ಪೌಡರ್ ಹಚ್ಚುವ ಮೇಕಪ್ ಅಲ್ಲ. ಪೈಪುಗಳ ನೀರು ಹಿಂಡಿ, ಸುತ್ತಿ, ಏಣಿ ಮಡಚಿ, ಯಾವ ಸಾಮಾನು ಎಲ್ಲಿಂದ ಬಂತೋ ಅಲ್ಲಿಗೇ ವಾಪಸು ಸೇರಿಸುವುದು. ಎಲ್ಲ ಮುಗಿದ ಮೇಲೆ ಒಬ್ಬ ನೆಟ್ಟಗೆ ನಿಂತು, "ಮೇಕಪ್ ಆಯ್ತು ಸಾರ್, ಸಾಮಾನು ಎಲ್ಲಾ ಸರಿಯಾಗಿದೆ ಸಾರ್" ಎಂದು ವರದಿ ಕೊಡಬೇಕು. ಈ ಮಾತು ಕಿವಿಗೆ ಬಿದ್ದರೆ ನಮ್ಮ ಕೈಕಾಲು ತಲೆಯನ್ನು ಕೇಳದೆ ಕೆಲಸ ಶುರು ಮಾಡುತ್ತವೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತಿದವನು ಇಳಿಯಲಿಲ್ಲ

ಕೆಲಸ ಖಾಯಂ ಆಗಬೇಕಾದರೆ ನಾನು ದೈಹಿಕ ಪರೀಕ್ಷೆ ಪಾಸಾಗಬೇಕಿತ್ತು. ಪೈಪು ಹಿಡಿದು ಓಡುವುದು, ಏಣಿ ಹತ್ತುವುದು, ಒಬ್ಬ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ತರುವುದು. ಪರೀಕ್ಷೆ ಮಾಡಲು ಮೇಲಿನಿಂದ ದೊಡ್ಡ ಸಾಹೇಬರು ಬರುತ್ತಾರೆ. ಎಡವಿದರೆ ಇನ್ನೊಂದು ಅವಕಾಶ. ಅದೂ ಹೋದರೆ ಮನೆಗೆ. ಮನೆಯಲ್ಲಿ ಅಮ್ಮ ಕಾಫಿ ಹಣ್ಣು ಕೊಯ್ದು ನಮ್ಮನ್ನು ಸಾಕಿದವಳು, ಒಬ್ಬಳು ತಂಗಿ ಮದುವೆಯ ವಯಸ್ಸಿಗೆ ಬಂದಿದ್ದಳು. ಇಷ್ಟು ಹೇಳಿದರೆ ಉಳಿದದ್ದು ನಿಮಗೆ ಅರ್ಥವಾಗುತ್ತದೆ.

ಮೊದಲ ಪರೀಕ್ಷೆಯ ದಿನ ನಾನು ಮಲಗಿ ಮೂರು ದಿನ ಆಗಿತ್ತು. ಕಳಸದ ಕಡೆಯ ಗುಡ್ಡದಲ್ಲಿ ಹಸಿ ಸೊಪ್ಪಿನಿಂದ ಬೆಂಕಿ ಬಡಿದು ಬಡಿದು ಬಂದಿದ್ದೆವು. ನಿದ್ದೆ ಮಾಡಿದ ದಿನ ಒಂದು ಪೈಪಿನ ಸುರುಳಿ ನನಗೆ ಒಂದು ಬಾಳೆಗೊನೆಯ ಭಾರ. ಆ ದಿನ ಅದೇ ಸುರುಳಿ ಎಮ್ಮೆಕರುವಿನಷ್ಟು ಭಾರವಿತ್ತು, ಕರುವಿನ ಹಾಗೆಯೇ ಕೈಯಿಂದ ಜಾರುತ್ತಲೂ ಇತ್ತು. ಹೇಗೋ ಓಡಿದೆ. ಆಮೇಲೆ ಏಣಿ.

ಏಣಿಯ ತುದಿಗೆ ಹೋದ ಮೇಲೆ ಒಂದು ಕಾಲನ್ನು ಮೆಟ್ಟಿಲಿನೊಳಗೆ ತೂರಿಸಿ, ಮೊಣಕಾಲಿನಿಂದ ಕೊಕ್ಕೆ ಹಾಕಿಕೊಂಡು ನಿಲ್ಲಬೇಕು. ಇದಕ್ಕೆ ಲೆಗ್ ಲಾಕ್ ಎನ್ನುತ್ತಾರೆ. ಹಾಗೆ ನಿಂತರೆ ಎರಡೂ ಕೈ ಬಿಟ್ಟರೂ ಮನುಷ್ಯ ಬೀಳುವುದಿಲ್ಲ. ನಾನು ಹತ್ತಿದೆ, ಲಾಕ್ ಹಾಕಿದೆ, ಎರಡೂ ಕೈ ಎತ್ತಿ ತೋರಿಸಿದೆ. ಮೇಲೆ ತಣ್ಣಗೆ ಗಾಳಿ ಬೀಸುತ್ತಿತ್ತು. ಬೀಳುವ ಭಯ ಇರಲಿಲ್ಲ. ಫೋನ್ ಇರಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ನನ್ನನ್ನು ಯಾರೂ ಮುಟ್ಟಲಾರದ ಜಾಗದಲ್ಲಿದ್ದೆ. ಒಂದು ಕ್ಷಣ ಕಣ್ಣು ಮುಚ್ಚೋಣ ಎನಿಸಿತು.

ಕೆಳಗಿನಿಂದ ದೊಡ್ಡ ಸಾಹೇಬರು, "ಇಳಿ" ಎಂದರಂತೆ. ಶಿಳ್ಳೆ ಊದಿದರಂತೆ. ಕೊನೆಗೆ ನಮ್ಮ ಡ್ರೈವರಣ್ಣ ಮೇಲೆ ಹತ್ತಿ ಬಂದು, ನನ್ನ ಕಾಲಿನ ಲಾಕ್ ಬಿಡಿಸಿ, "ಬಾ ಮಾರಾಯ, ಇಲ್ಲಿ ಚಾಪೆ ಹಾಸೋಕೆ ಜಾಗ ಇಲ್ಲ" ಎಂದು ಇಳಿಸಿಕೊಂಡು ಹೋದ.

ದೊಡ್ಡ ಸಾಹೇಬರು ನನ್ನ ಹಾಳೆಯಲ್ಲಿ ಬರೆದದ್ದು ಹೀಗೆ: 'ಅಭ್ಯರ್ಥಿಗೆ ಏಣಿ ಹತ್ತಲು ಬರುತ್ತದೆ. ಇಳಿಯಲು ಕಲಿಸತಕ್ಕದ್ದು.'

ಯಾವ ವಾರದ್ದು?

ಎರಡನೇ ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಅಷ್ಟರಲ್ಲಿ ಮೈ ಗಟ್ಟಿ ಮಾಡಿಕೊಳ್ಳಬೇಕು ಎಂದುಕೊಂಡೆ. ಆದರೆ ದಿನ ಹೋದ ಹಾಗೆ ನಾನು ಮೆತ್ತಗಾಗುತ್ತಿದ್ದೆ. ಕೈಯಲ್ಲಿ ಹಿಡಿತ ಇಲ್ಲ. ಊಟದ ತಟ್ಟೆ ಕೂಡ ಎರಡು ಸಲ ಬಿತ್ತು. ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಎಂದು ಕಾಲಿಟ್ಟರೆ ಅಲ್ಲಿ ನೆಲ ಇರುತ್ತಿತ್ತು. ನನಗೆ ಏನೋ ದೊಡ್ಡ ಕಾಯಿಲೆ ಬಂದಿದೆ ಎಂದು ಹೆದರಿ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ವಯಸ್ಸಾದವರು. ತಮ್ಮ ಎರಡು ಬೆರಳು ಕೊಟ್ಟು, "ಗಟ್ಟಿಯಾಗಿ ಹಿಡಿ" ಎಂದರು. ಹಿಡಿದೆ.

"ಹಿಡಿಯೋ."

"ಹಿಡಿದಿದೀನಿ ಡಾಕ್ಟ್ರೇ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡ್ತೀಯ?"

ನಾನು ಸುಳ್ಳು ಹೇಳಬಾರದೆಂದು ಯೋಚಿಸಿ ಕೇಳಿದೆ, "ಯಾವ ವಾರದ್ದು ಡಾಕ್ಟ್ರೇ?"

ಅವರು ಮಾತ್ರೆ ಬರೆಯಲಿಲ್ಲ. ಚೀಟಿಯಲ್ಲಿ 'ನಿದ್ದೆ, ಎಂಟು ಗಂಟೆ, ದಿನಕ್ಕೊಂದು ಸಲ, ರಾತ್ರಿ ಊಟದ ನಂತರ' ಎಂದು ಬರೆದು ಸಹಿ ಹಾಕಿ ಕೊಟ್ಟರು. ನಾನು ಅದನ್ನು ಜೋಪಾನವಾಗಿ ತಂದು ನಮ್ಮ ಸಾಹೇಬರ ಮುಂದೆ ಇಟ್ಟೆ. ಸಾಹೇಬರು ಒಳ್ಳೆಯವರು. ಅವರೂ ನಮ್ಮಷ್ಟೇ ಎದ್ದಿರುತ್ತಿದ್ದರು. ಅವರ ಸಹಿ ಶುರುವಾಗುವುದು ಸರಿಯಾಗಿಯೇ, ಆದರೆ ಕೊನೆಯ ಅಕ್ಷರ ಜಾರಿಕೊಂಡು ಹಾಳೆಯ ಅಂಚಿನವರೆಗೆ ಹೋಗಿರುತ್ತಿತ್ತು, ಅಲ್ಲಿ ಅವರಿಗೆ ಜೋಂಪು ಹತ್ತಿದೆ ಎಂದು ನಮಗೆ ಗೊತ್ತಾಗುತ್ತಿತ್ತು. ಅವರು ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಇನ್ನಿಬ್ಬರನ್ನು ಕೊಡಿ ಎಂದು ಮೇಲಿನವರಿಗೆ ಬರೆಯುತ್ತಿದ್ದ ಅರ್ಜಿಯ ಜೊತೆ ಅದನ್ನೂ ಗುಂಡುಪಿನ್ನು ಚುಚ್ಚಿ ಸೇರಿಸಿದರು. ದೊಡ್ಡ ಸಾಹೇಬರು ನನ್ನ ಪರೀಕ್ಷೆಗೆ ಬರುವ ದಿನವೇ ಅರ್ಜಿಯನ್ನೂ ನೋಡುತ್ತಾರೆ ಎಂದರು.

"ಅಲ್ಲಿವರೆಗೆ ಸಾರ್?" ಎಂದೆ.

"ಅಲ್ಲಿವರೆಗೆ ಈ ಔಷಧಿ ನಮ್ಮಲ್ಲಿ ಸಪ್ಲೈ ಇಲ್ಲಪ್ಪ" ಎಂದರು.

ಹೂಂ

ಡ್ರೈವರಣ್ಣನ ವಿಷಯ ಸ್ವಲ್ಪ ಹೇಳಬೇಕು. ಐವತ್ತು ದಾಟಿದ ದಪ್ಪ ಮನುಷ್ಯ. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ. ಅವನ ಪಕ್ಕ ಕೂರುವ ಕೆಲಸ ನನ್ನದು. ಪಕ್ಕ ಕೂತವನು ಡ್ರೈವರಿಗೆ ನಿದ್ದೆ ಬಾರದ ಹಾಗೆ ಮಾತಾಡುತ್ತಿರಬೇಕು. ಇದು ಎಲ್ಲೂ ಬರೆದ ನಿಯಮವಲ್ಲ, ಜೀವ ಉಳಿಸಿಕೊಳ್ಳುವ ನಿಯಮ.

"ನೀನು ಹೇಳ್ತಾ ಇರು ಮಾರಾಯ, ನಾನು ಹೂಂ ಅಂತಿರ್ತೀನಿ. ನನ್ನ ಹೂಂ ನಿಂತ್ರೆ ಭುಜಕ್ಕೆ ಒಂದು ಕೊಡು" ಎನ್ನುತ್ತಿದ್ದ.

ಒಂದು ದಿನ ಮಧ್ಯಾಹ್ನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿದೆ ಎಂದು ಫೋನ್ ಬಂತು. ಬೆಳಿಗ್ಗೆಯಷ್ಟೇ ಒಂದು ಬೆಂಕಿ ಮುಗಿಸಿ ಬಂದಿದ್ದೆವು, ಹಿಂದಿನ ರಾತ್ರಿ ಇನ್ನೊಂದು. ಹೊರಟೆವು. ನಾನು ತಂಗಿಗೆ ಗಂಡು ಹುಡುಕುತ್ತಿರುವ ಕಥೆ ಹೇಳತೊಡಗಿದೆ. ಹುಡುಗನಿಗೆ ಗೋಣಿಬೀಡಿನಲ್ಲಿ ಸೈಕಲ್ ಶಾಪು ಎಂದೆ. ಹೂಂ ಎಂದ. ಮನೆಯವರು ಒಳ್ಳೆಯವರು ಎಂದೆ. ಹೂಂ. ಹುಡುಗಿಯ ಅಣ್ಣನ ಕೆಲಸ ಖಾಯಂ ಆಗಿದೆಯಾ ಎಂದು ಕೇಳುತ್ತಿದ್ದಾರೆ ಎಂದೆ. ಹೂಂ. ಆಮೇಲೆ ಡ್ರೈವರಣ್ಣ ಏನೋ ಹೇಳಿದ, ನಾನು ಹೂಂ ಎಂದೆ. ಅವನು ಹೂಂ ಎಂದ. ನಾನೂ ಹೂಂ ಎಂದೆ. ಕೊನೆಗೆ ಇಬ್ಬರೂ ಹೂಂ ಹೂಂ ಎನ್ನುತ್ತಲೇ ಇದ್ದೆವು, ಕಥೆ ಹೇಳುವವರು ಯಾರೂ ಇರಲಿಲ್ಲ.

ಯಾರೋ ಕಿಟಕಿ ತಟ್ಟಿದರು. ಕಣ್ಣು ಬಿಟ್ಟರೆ ಸುತ್ತಲೂ ಕಾಫಿ ಗಿಡ. ಗಾಡಿ ರಸ್ತೆ ಬಿಟ್ಟು, ತಂತಿಬೇಲಿ ಮುರಿದು, ತೋಟದೊಳಗೆ ಹೋಗಿ, ನೆರಳಿಗೆ ನೆಟ್ಟ ಒಂದು ಸಿಲ್ವರ್ ಮರಕ್ಕೆ ಮೆಲ್ಲಗೆ ಹಣೆ ಒರಗಿಸಿಕೊಂಡು ನಿಂತಿತ್ತು. ಏರು ದಾರಿಯಾದ್ದರಿಂದ ಬದುಕಿದೆವು. ಇಳಿಜಾರಾಗಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಹಿಂದೆ ಕೂತಿದ್ದ ಮೂವರಿಗೆ ಇನ್ನೂ ಎಚ್ಚರವೇ ಆಗಿರಲಿಲ್ಲ. ಕಿಟಕಿ ತಟ್ಟಿದವರು ಆ ತೋಟದ ಯಜಮಾನರು. ಬಹಳ ಮರ್ಯಾದೆಯಿಂದ ಹೇಳಿದರು:

"ಬೆಂಕಿ ಇಲ್ಲಿ ಅಲ್ಲ ಮಾರಾಯ್ರೇ. ಇನ್ನೂ ಎರಡು ಮೈಲಿ ಮುಂದೆ."

ನಾವು ತಲುಪುವಷ್ಟರಲ್ಲಿ ಬಣವೆ ಇರಲಿಲ್ಲ. ಒಂದು ಕಪ್ಪು ವೃತ್ತ ಇತ್ತು, ಅದರ ಮುಂದೆ ಎರಡು ದನ ನಿಂತು ಅದನ್ನೇ ನೋಡುತ್ತಿದ್ದವು. ಬಣವೆಯವನು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಾಪ, ದೂರದಿಂದ ಬಂದಿದೀರಿ" ಎಂದು ಕೂರಿಸಿ ಕಾಫಿ ಕೊಟ್ಟ. ಡ್ರೈವರಣ್ಣ ಎರಡು ಗುಟುಕು ಕುಡಿದು ನನ್ನ ಕಿವಿಯಲ್ಲಿ ಹೇಳಿದ:

"ಎಷ್ಟು ಸ್ಟ್ರಾಂಗ್ ಇದೆ ನೋಡು. ಇದನ್ನ ಮೊದಲೇ ಕಳಿಸಿದ್ರೆ ಬಣವೆ ಉಳೀತಿತ್ತು."

ಐದು ಜೊತೆ ಬೂಟು

ಬಾಳೂರು ಹತ್ತಿರದ ಒಂದು ಎಸ್ಟೇಟಿನಲ್ಲಿ ಕೂಲಿ ಲೈನಿನ ಪಕ್ಕ ಒಟ್ಟಿದ್ದ ಸೌದೆಗೆ ಬೆಂಕಿ ಹತ್ತಿತ್ತು. ಲೈನು ಎಂದರೆ ಕೆಲಸದವರು ಇರುವ ಸಾಲುಮನೆ. ಸಾಹೇಬರು ಫೋನಿನ ಹತ್ತಿರ ಉಳಿದರು, ನಾವು ಐದು ಜನ ಹೋದೆವು. ಈ ಸಲ ದಾರಿಯುದ್ದಕ್ಕೂ ಐವರೂ ಸೇರಿ ಭಜನೆ ಹೇಳುತ್ತಾ ಹೋದ್ದರಿಂದ ಸರಿಯಾದ ಜಾಗಕ್ಕೇ ತಲುಪಿದೆವು. ಮನೆಗಳು ಉಳಿದವು. ಮೇಕಪ್ ಮುಗಿಸಿ, ಗಾಡಿಯ ಎಂಜಿನ್ ತಣಿಯಲಿ ಎಂದು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಐದು ನಿಮಿಷ ಕೂತೆವು. ಎಂಜಿನ್ ತಣಿದಿರಬಹುದು, ನಮಗೆ ಗೊತ್ತಾಗಲಿಲ್ಲ.

ಲೈನಿನ ಅಜ್ಜಿಯೊಬ್ಬಳು ನಮಗೆ ಮಜ್ಜಿಗೆ ತಂದಳು. ನೋಡಿದರೆ ಐವರೂ ಸಾಲಾಗಿ ಉದ್ದಕ್ಕೆ ಬಿದ್ದಿದ್ದೇವೆ. ಮುಖದ ಮೇಲೆ ಬಿಸಿಲು, ಬಿಸಿಲಿನ ಜೊತೆ ನೊಣ. ಪಾಪ ಮಕ್ಕಳು ಎಂದು ಅವಳು ಖಾಲಿ ಗೋಣಿಚೀಲ ತಂದು ಒಬ್ಬೊಬ್ಬರಿಗೂ ತಲೆಯಿಂದ ಮೊಣಕಾಲವರೆಗೆ ಹೊದಿಸಿ, ಮಜ್ಜಿಗೆ ಮುಚ್ಚಿಟ್ಟು ಹೋದಳು. ಹೊರಗೆ ಕಾಣುತ್ತಿದ್ದದ್ದು ಐದು ಜೊತೆ ಬೂಟು ಮಾತ್ರ.

ಆಗ ಎಸ್ಟೇಟ್ ರೈಟರು ಬಂದರು. ರೈಟರು ಎಂದರೆ ನನ್ನ ಹಾಗೆ ಬರೆಯಲು ಹೊರಟವರಲ್ಲ, ಕೆಲಸದವರ ಹಾಜರಿ ನೋಡುವವರು. ಅವರು ಸಾಲನ್ನು ನೋಡಿದರು. ತಲೆಯ ಮೇಲಿನ ಟೋಪಿ ತೆಗೆದರು. ಆಮೇಲೆ ಬಂಗಲೆಗೆ ಓಡಿ ಠಾಣೆಗೆ ಫೋನ್ ಮಾಡಿದರು. ಆ ಮಾತುಕತೆಯನ್ನು ನಮ್ಮ ಸಾಹೇಬರೇ ಆಮೇಲೆ ನನಗೆ ಹೇಳಿದ್ದು, ಹಾಗಾಗಿ ಸುಳ್ಳಿರಲಾರದು.

"ಸಾರ್, ಹೋಗ್ಬಿಟ್ರು ಸಾರ್! ನಿಮ್ಮವರು ಐದು ಜನಾನೂ ಹೋಗ್ಬಿಟ್ರು!"

"ಹೋದ್ರಾ? ಎಲ್ಲಿಗ್ರೀ ಹೋದ್ರು? ಇಲ್ಲಿ ಇನ್ನೊಂದು ಫೋನ್ ಬಂದಿದೆ, ಮೂಡಿಗೆರೆ ರಸ್ತೇಲಿ ಲಾರಿಗೆ ಬೆಂಕಿ. ಹಂಗೇ ಅಲ್ಲಿಗೆ ಹೋಗೋಕೆ ಹೇಳಿ."

"ಅಯ್ಯೋ ಸತ್ತೋದ್ರು ಸಾರ್! ಸಾಲಾಗಿ ಮಲಗ್ಸಿ ಗೋಣಿಚೀಲ ಹೊದ್ಸಿದಾರೆ ಸಾರ್!"

ಸಾಹೇಬರು ಬಹಳ ಹೊತ್ತು ಮಾತಾಡಲಿಲ್ಲ. ಸಾಹೇಬರು ಪಾಪ ದುಃಖದಲ್ಲಿದ್ದಾರೆ ಎಂದುಕೊಂಡು ರೈಟರೂ ಸುಮ್ಮನಿದ್ದರು. ಆಮೇಲೆ ಸಾಹೇಬರ ಸಣ್ಣ ದನಿ ಬಂತು:

"ಡ್ರೈವರೂನಾ? ಹಂಗಾದ್ರೆ ಗಾಡಿ ತರೋರು ಯಾರು?"

ಜಮಖಾನ

ಗೋಣಿಬೀಡಿನ ಸೈಕಲ್ ಶಾಪಿನ ಹುಡುಗನ ಕಡೆಯವರು ತಂಗಿಯನ್ನು ನೋಡಲು ಬಂದರು. ನನಗೆ ಅರ್ಧ ದಿನದ ರಜೆ ಸಿಕ್ಕಿತು. ಎರಡು ರಾತ್ರಿ ಎದ್ದಿದ್ದವನು ಸೀದಾ ಬಸ್ಸು ಹತ್ತಿ, ಒಂದು ಸ್ಟಾಪು ದಾಟಿಹೋಗಿ, ನಡೆದು ವಾಪಸು ಬಂದು ಮನೆ ಸೇರಿದೆ. ಅಮ್ಮ ಪಕ್ಕದ ಮನೆಯಿಂದ ಒಳ್ಳೆಯ ಜಮಖಾನ ಕೇಳಿ ತಂದು ಹಾಸಿದ್ದಳು. ಅದರ ಮೇಲೆ ಹುಡುಗ, ಅವನ ತಂದೆ, ಸೋದರಮಾವ ಕೂತಿದ್ದರು. ಮಾತೆಲ್ಲ ಸೋದರಮಾವನದೇ. ನನ್ನನ್ನು ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದರು. ಅದೇ ತಪ್ಪಾಯಿತು, ಕುರ್ಚಿಗೆ ಒರಗಿಕೊಳ್ಳಲು ಬೆನ್ನು ಇತ್ತು.

"ಹುಡುಗಿ ಅಣ್ಣಂದು ಸರ್ಕಾರಿ ಕೆಲಸ ಅಂದ್ರು. ಖಾಯಂ ತಾನೇ?" ಎಂದು ಸೋದರಮಾವ ಕೇಳಿದರಂತೆ.

ನಾನು "ಹೂಂ" ಎಂದೆನಂತೆ. ಆಗಲೇ ನಾನು ಅಲ್ಲಿರಲಿಲ್ಲ ಎಂದು ಡ್ರೈವರಣ್ಣ ಇದ್ದಿದ್ದರೆ ಹೇಳುತ್ತಿದ್ದ. ಇನ್ನೊಂದು ಪರೀಕ್ಷೆ ಬಾಕಿ ಇದೆ ಎಂದು ಅಮ್ಮನೇ ತಿದ್ದಿದಳಂತೆ.

ಅಷ್ಟರಲ್ಲಿ ಸಹಾಯಕ್ಕೆ ಬಂದಿದ್ದ ಚಿಕ್ಕಮ್ಮ ಒಳಕೋಣೆಯ ಕಡೆ ತಿರುಗಿ ಜೋರಾಗಿ ಕೂಗಿದಳು. "ಏಯ್, ಮೇಕಪ್ ಆಯ್ತೇನ್ರೇ? ಬೇಗ ಮೇಕಪ್ ಮುಗ್ಸಿ, ಅವ್ರಿಗೆ ಹೊತ್ತಾಗುತ್ತೆ!"

ನನಗೆ ನೆನಪಿರುವುದು ಇಷ್ಟೇ: ನಾನು ಎದ್ದೆ. ಕಣ್ಣ ಮುಂದೆ ಉದ್ದಕ್ಕೆ ಹಾಸಿದ್ದ ಏನೋ ಕಂಡಿತು. ಮಂಡಿಯೂರಿ, ಒಂದು ತುದಿಯಿಂದ ಗಟ್ಟಿಯಾಗಿ ಸುತ್ತುತ್ತಾ ಬಂದೆ. ನೀರು ಹೋಗಲಿ ಎಂದು ಪ್ರತಿ ಸುತ್ತಿಗೂ ಮಂಡಿಯಿಂದ ಒತ್ತುತ್ತಿದ್ದೆ. ಹುಡುಗ ಎದ್ದು ನಿಂತ. ಅವನ ತಂದೆ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದರು. ಸೋದರಮಾವ ಸ್ವಲ್ಪ ಗತ್ತಿನವರು, ಏಳಲಿಲ್ಲ. ಸುರುಳಿ ಅವರ ತೊಡೆಗೆ ಬಂದು ತಾಗಿತು. ಇಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ನಾನು ಇನ್ನೂ ಜೋರಾಗಿ ತಳ್ಳಿದೆ. ಅವರು ಗೋಡೆಗೆ ಹೋಗಿ ಒರಗಿದರು. ನಾನು ಸುರುಳಿಯನ್ನು ಹೆಗಲಿಗೇರಿಸಿ, ನೆಟ್ಟಗೆ ನಿಂತು, ಸೋದರಮಾವನಿಗೆ ಸೆಲ್ಯೂಟ್ ಹೊಡೆದು ಹೇಳಿದೆ:

"ಮೇಕಪ್ ಆಯ್ತು ಸಾರ್. ಸಾಮಾನು ಎಲ್ಲಾ ಸರಿಯಾಗಿದೆ ಸಾರ್."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಂಗಿ ಒಳಗೆ ಅಳುತ್ತಿದ್ದಳು. ನನಗೆ ಆಗ ಪೂರ್ತಿ ಎಚ್ಚರವಾಯಿತು. ಮದುವೆ ಮುರಿದೆನಲ್ಲ ಎಂದು ಎದೆ ಒಡೆದುಹೋಯಿತು. ಸೋದರಮಾವ ಬಟ್ಟೆ ಕೊಡವಿಕೊಂಡು ಎದ್ದು, ನಿದ್ದೆಯಿಲ್ಲದೆ ಕೆಂಪಾಗಿದ್ದ ನನ್ನ ಕಣ್ಣನ್ನು ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಹುಡುಗಿ ಒಪ್ಪಿಗೆ ನಮಗೆ. ಇವನ ಕೆಲಸ ಖಾಯಂ ಆದ ಮೇಲೆ ದಿನ ನೋಡೋಣ. ಆದ್ರೆ ಒಂದು ಮಾತು, ಮದುವೆ ದಿನ ಇವನು ಡ್ಯೂಟೀಲೇ ಇರ್ಲಿ."

ಸಾಮಾನು

ಎರಡನೇ ಪರೀಕ್ಷೆಯ ದಿನ ಬಂತು. ಆ ವರ್ಷ ಹೂಮಳೆ ಬಂದೇ ಇರಲಿಲ್ಲ. ಕುದುರೆಮುಖದ ಕಡೆಯ ಗುಡ್ಡದಲ್ಲಿ ನಾಲ್ಕು ದಿನ ಇದ್ದು, ಅವತ್ತು ಬೆಳಿಗ್ಗೆ ಏಳಕ್ಕೆ ಠಾಣೆಗೆ ಬಂದೆವು. ಹತ್ತಕ್ಕೆ ಪರೀಕ್ಷೆ. ನನ್ನ ಕೆಲಸ, ತಂಗಿಯ ಮದುವೆ, ಸಾಹೇಬರ ಅರ್ಜಿ ಮೂರೂ ಅವತ್ತೇ.

ಡ್ರೈವರಣ್ಣ ನನ್ನ ಎರಡೂ ಕಣ್ಣಿನ ಕೆಳಗೆ ತಲೆನೋವಿನ ಮುಲಾಮು ದಪ್ಪಗೆ ಬಳಿದ. "ಇದು ಇರೋತನಕ ಕಣ್ಣು ಮುಚ್ಚೋಕಾಗಲ್ಲ ನೋಡು" ಎಂದ. ಮುಚ್ಚಲು ಆಗಲಿಲ್ಲ, ಬಿಡಲೂ ಆಗಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಲೇ ಪೈಪು ಹಿಡಿದು ಓಡಿದೆ. ನೀರು ಸುರಿಸುತ್ತಲೇ ಏಣಿ ಹತ್ತಿದೆ, ಲಾಕ್ ಹಾಕಿದೆ, ಈ ಸಲ ಇಳಿದೆ.

ದೊಡ್ಡ ಸಾಹೇಬರು ಕೇಳಿದರು, "ಯಾಕೋ ಅಳ್ತಿದೀಯ?"

ನಾನು ಬಾಯಿ ತೆರೆಯುವ ಮೊದಲೇ ಡ್ರೈವರಣ್ಣ ಹೇಳಿದ, "ಕೆಲಸದ ಮೇಲೆ ಬಾಳ ಪ್ರೀತಿ ಸಾರ್ ಅವ್ನಿಗೆ."

ಉಳಿದದ್ದು ಮನುಷ್ಯನನ್ನು ಹೊರುವುದು. ಗಾಡಿ ನಿಲ್ಲಿಸುವ ಶೆಡ್ಡಿನೊಳಗೆ ಒಬ್ಬ ಪ್ರಜ್ಞೆ ತಪ್ಪಿದವನ ಹಾಗೆ ಮಲಗಿರಬೇಕು. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಎಳೆದಿದ್ದ ಸುಣ್ಣದ ಗೆರೆ ದಾಟಿಸಬೇಕು. ಇದಕ್ಕೆಂದು ನಮ್ಮಲ್ಲಿ ತೆಳ್ಳಗಿನವನೊಬ್ಬನನ್ನು ಗೊತ್ತುಮಾಡಿದ್ದೆವು. ಆದರೆ ಗುಡ್ಡದಲ್ಲಿ ನಿದ್ದೆಗಣ್ಣಿನಲ್ಲಿ ಕಾಲಿಟ್ಟು ಅವನ ಪಾದ ಉಳುಕಿತ್ತು, ಮುಟ್ಟಿದರೆ ಕೂಗುತ್ತಿದ್ದ. ಪ್ರಜ್ಞೆ ತಪ್ಪಿದವನು ಕೂಗಬಾರದು. ಆದ್ದರಿಂದ ಡ್ರೈವರಣ್ಣನೇ ಮಲಗಬೇಕಾಯಿತು.

"ಹೆದರಬೇಡ ಮಾರಾಯ, ಉಸಿರು ಎಳ್ಕೊಂಡು ಹಗುರ ಆಗ್ತೀನಿ" ಎಂದ. ಸಿಮೆಂಟ್ ನೆಲದ ಮೇಲೆ ಮಲಗಿದ. ನಾಲ್ಕು ದಿನದಲ್ಲಿ ಅವನು ಮೊದಲ ಸಲ ಮೈ ಚಾಚಿದ್ದು. ನಾನು ಶೆಡ್ಡಿನೊಳಗೆ ಹೋಗುವಷ್ಟರಲ್ಲಿ ನಿಜವಾಗಿಯೂ ಪ್ರಜ್ಞೆ ಇರಲಿಲ್ಲ, ಗೊರಕೆ ಇತ್ತು.

ನಿದ್ದೆ ಹೋದ ಮನುಷ್ಯ ಎಚ್ಚರವಿದ್ದವನಿಗಿಂತ ಎರಡು ಪಾಲು ಭಾರ ಎಂದು ಅವತ್ತು ತಿಳಿಯಿತು. ಮೊದಲ ಸಲ ಎತ್ತಲು ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ನೆನಪಾಯಿತು. ಮೂರನೇ ಸಲ ಹೇಗೆ ಎತ್ತಿದೆನೋ ಗೊತ್ತಿಲ್ಲ. ಹೆಜ್ಜೆ ಹಾಕಿದೆ. ಅವನ ಗೊರಕೆ ನನ್ನ ಕಿವಿಯ ಪಕ್ಕದಲ್ಲೇ. ಆ ಸದ್ದಿಗೆ ನನಗೂ ಕಣ್ಣು ಎಳೆಯತೊಡಗಿತು. ಮುಲಾಮಿನ ಉರಿ ಎಷ್ಟೊತ್ತಿಗೋ ಹೋಗಿತ್ತು. ಕಾಲು ನಡೆಯುತ್ತಿದ್ದವು, ಅಷ್ಟೇ. ಸುಣ್ಣದ ಗೆರೆ ದಾಟಿದೆ. ದೊಡ್ಡ ಸಾಹೇಬರಿಗೆ ಸಂತೋಷವಾಗಿ ಎಲ್ಲರಿಗೂ ಕೇಳುವ ಹಾಗೆ ಕೂಗಿದರು:

"ಶಾಭಾಸ್! ಮೇಕಪ್!"

ಪರೀಕ್ಷೆ ಮುಗಿಯಿತು, ಎಲ್ಲ ಕಟ್ಟಿಡಿ ಎಂದು ಅವರ ಅರ್ಥ. ಉಳಿದವರು ಪೈಪು ಸುತ್ತಲು ಹೋದರು. ನಾನೂ ಮೇಕಪ್ ಶುರು ಮಾಡಿದೆ. ಯಾವ ಸಾಮಾನು ಎಲ್ಲಿಂದ ಬಂತೋ ಅಲ್ಲಿಗೇ ಸೇರಿಸಬೇಕು ಎಂದು ಮೊದಲೇ ಹೇಳಿದ್ದೇನಲ್ಲ. ಹೆಗಲ ಮೇಲೆ ಡ್ರೈವರಣ್ಣ ಇದ್ದ. ಅವನ ಜಾಗ ನಾವು ಮಲಗುವ ಕೋಣೆಯ ಮೂಲೆಯ ಮಂಚ. ಅಂಗಳ ದಾಟಿ, ಮೂರು ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಅವನನ್ನು ಅವನ ಮಂಚದ ಮೇಲೆ ಇಟ್ಟೆ. ಇನ್ನೊಂದು ಸಾಮಾನು ಉಳಿದಿತ್ತು. ಅದು ನಾನು. ಅದರ ಮಂಚ ಪಕ್ಕದಲ್ಲೇ ಇತ್ತು. ಅದನ್ನೂ ಇಟ್ಟೆ.

ಎಚ್ಚರವಾದಾಗ ಮಂಚದ ಬುಡದಲ್ಲಿ ದೊಡ್ಡ ಸಾಹೇಬರು, ಅವರ ಹಿಂದೆ ಬೆವರುತ್ತಾ ನಮ್ಮ ಸಾಹೇಬರು ನಿಂತಿದ್ದರು.

"ಏನಿದು?" ಎಂದರು ದೊಡ್ಡ ಸಾಹೇಬರು.

ನಾನು ಚಂಗನೆ ಎದ್ದು ಸೆಲ್ಯೂಟ್ ಹೊಡೆದೆ. "ಮೇಕಪ್ ಆಯ್ತು ಸಾರ್. ಸಾಮಾನು ಎಲ್ಲಾ ಸರಿಯಾಗಿದೆ ಸಾರ್."

ಅವರು ಗೊರಕೆ ಹೊಡೆಯುತ್ತಿದ್ದ ಡ್ರೈವರಣ್ಣನ ಕಡೆ ಬೆರಳು ತೋರಿಸಿದರು. "ಇದು?"

"ಅದೂ ಸರಿಯಾಗಿದೆ ಸಾರ್."

ದೊಡ್ಡ ಸಾಹೇಬರು ಡ್ರೈವರಣ್ಣನನ್ನು ನೋಡಿದರು, ಕೋಣೆಯಲ್ಲಿದ್ದ ಐದು ಮಂಚಗಳನ್ನು ನೋಡಿದರು, ಏನೋ ಗುರುತು ಮಾಡಿಕೊಂಡು ಜೀಪು ಹತ್ತಿದರು. ನಮ್ಮ ಸಾಹೇಬರು ಅವತ್ತು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಊರಿಗೆ ಹೋಗಿ ಅಮ್ಮನಿಗೆ ಯಾವ ಮಾತಿನಲ್ಲಿ ಹೇಳುವುದು ಎಂದು ಲೆಕ್ಕ ಹಾಕುತ್ತಾ ಹದಿನೈದು ದಿನ ಕಳೆದೆ. ಆ ಹದಿನೈದು ದಿನವೂ ಬೆಂಕಿಯೇನೂ ಕಡಿಮೆ ಇರಲಿಲ್ಲ.

ಕೊನೆಗೆ ಲಕೋಟೆ ಬಂತು. ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು ಓದಿದರು. ಮೊದಲ ಪ್ಯಾರಾ ನನ್ನದು. 'ಅಭ್ಯರ್ಥಿಯು ಗಾಯಾಳುವನ್ನು ನಿಗದಿತ ಗೆರೆಗಿಂತ ಬಹಳ ಮುಂದೆ, ಸೂಕ್ತ ಹಾಸಿಗೆಯವರೆಗೆ ಹೊತ್ತೊಯ್ದಿರುತ್ತಾನೆ. ಉತ್ತೀರ್ಣ. ಸೇವೆ ಖಾಯಂಗೊಳಿಸಬಹುದು.' ನಾನು ಅಲ್ಲೇ ನೆಲದ ಮೇಲೆ ಕೂತೆ. ತಂಗಿಯ ಮದುವೆ ಕಣ್ಣ ಮುಂದೆ ಬಂತು. ಡ್ರೈವರಣ್ಣ ನನ್ನ ಬೆನ್ನಿಗೆ ಒಂದು ಗುದ್ದಿದ. "ಖಾಯಂ ಆದ್ಯಲ್ಲ ಮಾರಾಯ! ಇನ್ನು ರಿಟೈರ್ ಆಗೋವರೆಗೂ ನಿನಗೆ ನಿದ್ದೆ ಇಲ್ಲ."

"ಇನ್ನೊಂದು ಪ್ಯಾರಾ ಇದೆ" ಎಂದರು ಸಾಹೇಬರು. ಅದು ಇನ್ನಿಬ್ಬರು ಬೇಕೆಂಬ ಅರ್ಜಿಗೆ ಉತ್ತರ. ಅವರ ದನಿ ಮೆತ್ತಗಾಯಿತು. 'ತಪಾಸಣೆಯ ವೇಳೆ ಈ ಠಾಣೆಯ ಸಿಬ್ಬಂದಿಯು ಹಗಲಿನಲ್ಲಿಯೂ ಗಾಢ ನಿದ್ರೆಯಲ್ಲಿರುವುದು ಕಂಡುಬಂದಿರುತ್ತದೆ. ಅವರಿಗೆ ವಿಶ್ರಾಂತಿ ಯಥೇಚ್ಛವಾಗಿ ದೊರೆಯುತ್ತಿರುವುದರಿಂದ ಹೆಚ್ಚುವರಿ ಸಿಬ್ಬಂದಿಯ ಅಗತ್ಯವಿರುವುದಿಲ್ಲ.'

ಸಾಹೇಬರು ಹಾಳೆಯನ್ನು ಮಡಚಿದರು. ಒಳಗೆ ಫೋನ್ ಹೊಡೆದುಕೊಳ್ಳತೊಡಗಿತು. ನಾವು ಬೂಟು ಹಾಕಿಕೊಳ್ಳಲು ಹೊರಟೆವು. ಡ್ರೈವರಣ್ಣ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು, ಬಹಳ ಯೋಚಿಸಿ, ನನ್ನ ಕಡೆ ತಿರುಗಿದ.

"ಎಲ್ಲಾ ನನ್ನಿಂದ ಮಾರಾಯ. ಗೊರಕೆ ಸ್ವಲ್ಪ ಕಮ್ಮಿ ಹೊಡೆದಿದ್ರೆ, ಇಬ್ಬರಲ್ಲದಿದ್ರೂ ಒಬ್ಬನಾದ್ರೂ ಸಿಗ್ತಿದ್ದ."